ಐದು ಕಿಲೋಮೀಟರ್ ಬೆಳಕು

ಅಂಗಡಿಗೆ ಹೋಗಿ ಸಾಮಾನು ತರುವ ಜನರನ್ನು ಕಂಡರೆ ಹೊನ್ನೂರಿನ ಮಲ್ಲಿಕಾರ್ಜುನಸ್ವಾಮಿಗೆ ಅಯ್ಯೋ ಪಾಪ ಅನ್ನಿಸುತ್ತಿತ್ತು. ವಸ್ತುವನ್ನು ಕೈಯಲ್ಲಿ ಹಿಡಿದು, ತಿರುಗಿಸಿ ನೋಡಿ, ಚೌಕಾಸಿ ಮಾಡಿ ಕೊಳ್ಳುವುದು ಅವನ ಪ್ರಕಾರ ಎತ್ತಿನಗಾಡಿ ಕಾಲದ ಬುದ್ಧಿ. ಅವನು ಜಗಲಿಯ ಮೇಲೆ ಕಾಲು ಚಾಚಿ, ಹೆಬ್ಬೆರಳಿನಲ್ಲೇ ಲೋಕವನ್ನು ಕೊಳ್ಳುವವನು. ಹಾಗೆ ಕೊಂಡ ಮಿಕ್ಸಿಗೆ ಅದರದೇ ಮುಚ್ಚಳ ಕೂರುತ್ತಿರಲಿಲ್ಲ. ವಾಚು ತನಗೆ ತೋಚಿದ ಗಂಟೆ ಹೇಳುತ್ತಿತ್ತು. ಆದರೂ ಅವನ ಭಕ್ತಿ ಕದಲಲಿಲ್ಲ.

ಈ ಸಲ ಬಂದದ್ದು ಟಾರ್ಚು. ಒನಕೆಯ ತುಂಡಿನಷ್ಟು ದಪ್ಪ, ಹೊಟ್ಟೆಯೊಳಗೆ ಸಾಲಾಗಿ ನಾಲ್ಕು ಲಿಥಿಯಂ ಸೆಲ್ಲು. ಡಬ್ಬದ ಮೇಲೆ ‘ಐದು ಕಿಲೋಮೀಟರ್ ಬೆಳಕು’ ಎಂದು ದೊಡ್ಡದಾಗಿ ಬರೆದಿತ್ತು. ಮಾಡಿದವರ ಹೆಸರು ಮಾತ್ರ ಎಲ್ಲಿಯೂ ಇರಲಿಲ್ಲ.

“ಇಲ್ಲಿಂದ ಬುಟ್ರ ಯಳಂದೂರು ಬಸ್ ಸ್ಟ್ಯಾಂಡಲ್ಲಿ ನಿಂತೋರು ಕಣ್ ಮುಚ್ಕಬೇಕು ಕನಪ್ಪ,” ಎಂದ.

ಅವನಪ್ಪ ರುದ್ರಸ್ವಾಮಿ ಎಲೆಗೆ ಸುಣ್ಣ ಸವರುತ್ತ ಕೇಳಿದರು, “ಅವ್ರು ನಿಂಗೇನ್ಲಾ ಅನ್ಯಾಯ ಮಾಡಿದ್ರು?”

ಮಲ್ಲಿಕಾರ್ಜುನಸ್ವಾಮಿಯ ಹೆಂಡತಿ ಜ್ಯೋತಿಲಕ್ಷ್ಮಿ ಬಾಗಿಲ ಮರೆಯಲ್ಲಿ ನಿಂತು ನೋಡಿದಳು. ಬೆಳಕು ಗದ್ದೆ ದಾಟಿ, ಎದುರಿನ ತೆಂಗಿನ ಮರದವರೆಗೆ ಹೋಗಿ ಅಲ್ಲೇ ಕುಸಿದು ಕೂತಿತ್ತು. ಆ ಮನೆಯಲ್ಲಿ ಅವಳ ಮಾತು ತುಟಿ ದಾಟುವಷ್ಟರಲ್ಲಿ ಉಳಿದವರ ಮಾತು ಮುಗಿದಿರುತ್ತಿತ್ತು. ಕಣ್ಣಿಗೆ ಮಾತ್ರ ಅಂಥ ಸಂಕೋಚವಿರಲಿಲ್ಲ.

ತಿಂಗಳು ತುಂಬುವ ಮೊದಲೇ ಎರಡು ಸೆಲ್ಲು ಸತ್ತವು. ಮಲ್ಲಿಕಾರ್ಜುನಸ್ವಾಮಿ ಹಳೆಯ ಪವರ್ ಬ್ಯಾಂಕೊಂದನ್ನು ಒಡೆದು ಎರಡು ಸೆಲ್ಲು ಕಿತ್ತು, ಟಾರ್ಚಿಗೆ ತುರುಕಿದ. ಅಳತೆ ಸರಿಯಾಗಿ ಕೂತಿತು. ಅವನಿಗೆ ಅಷ್ಟು ಸಾಕಿತ್ತು. ಕೊಳ್ಳೇಗಾಲಕ್ಕೆ ಹೋದವನು ಮೊಬೈಲ್ ರಿಪೇರಿ ಮಾಡುವ ಚೆನ್ನಯ್ಯನಿಗೂ ತೋರಿಸಿ, ಬಂದು ನಗುತ್ತ ಹೇಳಿದ.

“‘ಅಳೇದು ಒಸ್ದು ಬೆರಸ್ಬ್ಯಾಡಿ ಸಾ, ನಾಕೂ ಒಂದೇ ಜೊತೇವು ಇರ್ಬೇಕು, ಬಲ ಇದ್ದದ್ದು ಬಲ ಇಲ್ದೇದ್ನ ತಿಂದ್ಬುಡ್ತದ, ಕಾದು ಸಿಡೀತದ’ ಅಂತಾನ. ಸೆಲ್ಗೂ ಜಾತ್ಕ ನೋಡ್ಬೇಕಂತ! ಯಾಪಾರ ಆಗ್ಬೇಕಲ್ಲ ಅವನ್ಗ.”

ಯಾವ ಮಾತಿಗೂ ಕೂಡಿಬರದ ಅಪ್ಪ ಮಗ ಎಂದಾದರೊಂದು ದಿನ ಒಂದಾಗುವುದನ್ನು ಜ್ಯೋತಿಲಕ್ಷ್ಮಿ ಕಾಣಬೇಕೆಂದು ಹಾರೈಸಿದ್ದಳು. ಅದೂ ಆಯಿತು. ರುದ್ರಸ್ವಾಮಿಯ ಕಾಲದಲ್ಲಿ ಕಬ್ಬಿನ ಗದ್ದೆಗೆ ನೀರು ಕಟ್ಟಲು ಹೋಗುವವರು ಬಲ ಕುಂದಿದ ಸೆಲ್ಲನ್ನು ಹೆಂಚಿನ ಮೇಲೆ ಬಿಸಿಲಿಗಿಟ್ಟು, ಮತ್ತೆ ಹಾಕುತ್ತಿದ್ದರು. ಅದು ಊರಿಗೆಲ್ಲ ಗೊತ್ತಿದ್ದ ವಿದ್ಯೆ.

“ಬಿಸ್ಲು ಕುಡುದ್ರ ಸೆಲ್ಲು ಚಿಗುರ್ತದ ಕನ್ಲಾ. ನಿನ್ ಫೋನಲ್ಲಿ ಏಳ್ಕೊಟ್ಟಿಲ್ವಾ?”

ಮಗ ಮೊದಲ ಬಾರಿಗೆ ಅಪ್ಪನ ಮಾತಿಗೆ ತಲೆಯಾಡಿಸಿದ. ಅಂದಿನಿಂದ ಮನೆ ಮುಂದಿನ ಚಪ್ಪಡಿಯ ಮೇಲೆ, ಅತ್ತೆ ಪುಟ್ಟಮಲ್ಲಮ್ಮ ಒಣಹಾಕಿದ ಸಂಡಿಗೆಯ ಪಕ್ಕದಲ್ಲಿ, ನಾಲ್ಕು ಸೆಲ್ಲುಗಳೂ ಬಿಸಿಲು ಕಾಯತೊಡಗಿದವು. ಸಂಡಿಗೆಗಾದರೂ ಕಾಗೆಯ ಭಯವಿತ್ತು.

ಟಾರ್ಚಿನ ಜಾಗ ನಡುಮನೆಯ ಹಲಗೆ. ಹಲಗೆಯ ಎದುರಿಗೆ, ತೊಲೆಯಿಂದ ಇಳಿಬಿದ್ದ ಸೀರೆಯ ಜೋಲಿಯಲ್ಲಿ ಜ್ಯೋತಿಲಕ್ಷ್ಮಿಯ ಹಾಲುಗೂಸು ಮಲಗುತ್ತಿತ್ತು. ಒಂದು ಬೆಳಿಗ್ಗೆ ಧೂಳು ಒರೆಸಲು ಟಾರ್ಚನ್ನು ಎತ್ತಿದಳು. ಆರಿಸಿಟ್ಟದ್ದು, ಆದರೂ ಈಗಷ್ಟೇ ಕಾಫಿ ಬಗ್ಗಿಸಿದ ಲೋಟದಂತೆ ಬೆಚ್ಚಗಿತ್ತು. ತವರಾದ ಕಾಮಗೆರೆಯಲ್ಲಿ ಅವಳಣ್ಣನ ಫೋನಿನ ಬ್ಯಾಟರಿ ಪೂರಿಯಂತೆ ಉಬ್ಬಿ, ಬುಸ್ಸೆಂದು, ಚಾಪೆ ಸುಟ್ಟದ್ದನ್ನು ಅವಳು ಕಂಡಿದ್ದಳು. ಟಾರ್ಚನ್ನು ಒಯ್ದು ಕೊಟ್ಟಿಗೆಯಾಚೆ ಇಟ್ಟು ಬಂದಳು.

ಪುಟ್ಟಮಲ್ಲಮ್ಮ ಅದನ್ನು ಸೆರಗಿನಲ್ಲಿ ಒರೆಸುತ್ತ ಮತ್ತೆ ತಂದರು. “ಆನ್‌ಲೈನಲ್ಲಿ ಬಂದದ್ನ ಸಗಣಿ ಪಕ್ಕ ಮಡುಗಿದ್ದೀಯಲ್ಲ, ಯಾವನಾರ ಎತ್ಕ ಓದ್ರ?”

ಗಂಡನಿಗೆ ಹೇಳಿದಳು. “ಅದು ಬಿಸಿ ಆಯ್ತದ. ಮಗ ಮಲಗೋ ತಾವ ಬ್ಯಾಡ.”

“ಪವರ್ ಇದ್ದದ್ದು ಬಿಸಿ ಆಗ್ದೆ ತಣ್ಣುಗ್ ಇರಕ್ಕ ಅದೇನ್ ನಿಮ್ಮಪ್ಪನಾ?”

ಮಾವನ ನಗು ಜಗಲಿಯಿಂದ ಕೇಳಿಸಿತು. ಅವಳು ಒಳಗೆ ಹೋದಳು.

ಆ ದಿನ ಸೆಲ್ಲುಗಳು ಮಧ್ಯಾಹ್ನವೆಲ್ಲ ಬಿಸಿಲು ಕುಡಿದವು. ಸಂಜೆ ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ಮಲ್ಲಿಕಾರ್ಜುನಸ್ವಾಮಿಗೆ ಹಬ್ಬ. ಟಾರ್ಚನ್ನು ಹಲಗೆಯ ಮೇಲೆ ಸೂರಿಗೆ ಮುಖಮಾಡಿ ನಿಲ್ಲಿಸಿ, ಪಕ್ಕದ ಮನೆಯ ಚಿಕ್ಕಮಾದಯ್ಯನನ್ನು ಕೂಗಿ ಕರೆದ.

“ನೋಡಣ್ಣ, ಸೂಜಿ ಬಿದ್ರೂ ಕಾಣ್ತದ.”

ಚಿಕ್ಕಮಾದಯ್ಯ ಹೊಸ್ತಿಲಲ್ಲೇ ನಿಂತು, “ನಿಮ್ ಸೂರ್ನಾಗಿರ ಜೇಡನ ಬಲೆ ಚೆಂದಾಗ್ ಕಾಣ್ತದ ಸ್ವಾಮಿ,” ಎಂದು ಹೋದ.

ಜ್ಯೋತಿಲಕ್ಷ್ಮಿ ಸೂರು ನೋಡಲಿಲ್ಲ, ಟಾರ್ಚು ನೋಡಿದಳು. ಬೆಳಕು ಹಳದಿಗೆ ತಿರುಗುತ್ತಿತ್ತು. ಉಗುರಿಗೆ ಹಚ್ಚುವ ಬಣ್ಣದಂಥ ಸಿಹಿ ವಾಸನೆ ಮೂಗಿಗೆ ಬಡಿಯಿತು. ಆ ಮನೆಯಲ್ಲಿ ಉಗುರಿಗೆ ಬಣ್ಣ ಹಚ್ಚುವವರು ಯಾರೂ ಇರಲಿಲ್ಲ. ಅವಳು ಜೋಲಿಗೆ ಕೈಹಾಕಿ, ಮಲಗಿದ್ದ ಮಗುವನ್ನು ಬಾಚಿಕೊಂಡಳು.

“ಎಲ್ರೂ ಈಚ್ಗ ಬನ್ನಿ,” ಎಂದಳು. ಯಾರೂ ಕೇಳಿಸಿಕೊಳ್ಳಲಿಲ್ಲ. ಗಂಡನ ತೋಳು ಹಿಡಿದು ಎಳೆದಳು.

“ಮುಸ್ಸಂಜೇಲಿ ಕೂಸ್ನ ಬೀದಿಗ್ ತರ್ತಾರಾ? ಗಾಳಿ ಸೋಕ್ತದ ಕನಮ್ಮಿ!” ಪುಟ್ಟಮಲ್ಲಮ್ಮ ಬಯ್ಯುತ್ತ ಹಿಂದೆಯೇ ಬಂದರು. ಹೆಂಡತಿ ಕೈಹಿಡಿದು ಎಳೆದ ಅವಮಾನಕ್ಕೆ ಜಗಳವಾಡಲೆಂದೇ ಮಲ್ಲಿಕಾರ್ಜುನಸ್ವಾಮಿಯೂ ಅಂಗಳಕ್ಕೆ ಇಳಿದ. ರುದ್ರಸ್ವಾಮಿ ಮೊದಲೇ ಜಗಲಿಯಲ್ಲಿದ್ದರು. ಹೀಗೆ, ಒಬ್ಬರ ಮೇಲೊಬ್ಬರಿಗಿದ್ದ ಕೋಪವೇ ಎಲ್ಲರನ್ನೂ ಉಳಿಸಿತು.

ಒಳಗೆ ಪಟಾಕಿಯ ಮೇಲೆ ಬಿಂದಿಗೆ ಕವುಚಿ ಸಿಡಿಸಿದಂತೆ ಸದ್ದಾಯಿತು. ಬಾಗಿಲಿಂದ ಬಿಳಿ ಹೊಗೆ ನುಗ್ಗಿತು. ಚಿಕ್ಕಮಾದಯ್ಯ ಓಡಿಬಂದು, ಮುಖಕ್ಕೆ ಟವೆಲ್ ಸುತ್ತಿ, ಉರಿಯುತ್ತಿದ್ದ ಹಲಗೆಯ ಮೇಲೆ ಮರಳು ಸುರಿದ.

ಹೊಗೆ ತಿಳಿಯಾದ ಮೇಲೆ ನೋಡಿದರು. ಟಾರ್ಚಿನ ಕೊಳವೆ ಬಾಳೆಹಣ್ಣಿನ ಸಿಪ್ಪೆಯಂತೆ ಸೀಳಿತ್ತು. ಅದರಿಂದ ಕಿತ್ತುಹೋದ ಚೂರೊಂದು ಜೋಲಿಯ ಈ ಬದಿಯಿಂದ ಹೊಕ್ಕು, ಆ ಬದಿಯಿಂದ ಹೊರಟು, ಗೋಡೆಯ ಗಾರೆಯಲ್ಲಿ ನೆಟ್ಟಿತ್ತು. ಸೀರೆಯ ತೂತಿನ ಅಂಚು ಕಪ್ಪಾಗಿತ್ತು. ತೂತಿನ ಎತ್ತರ, ಮಗು ತಲೆಯಿಡುವ ಎತ್ತರ.

ಆನ್‌ಲೈನಿನಲ್ಲಿ ಬಂದಿದ್ದ ಸೆಲ್ಲೊಂದು ಒಡೆದು ಬಿದ್ದಿತ್ತು. ದೊಡ್ಡ ಕವಚದೊಳಗೆ ಬೆರಳ ತುದಿಯಷ್ಟು ಸೆಲ್ಲು, ಉಳಿದದ್ದೆಲ್ಲ ತೂಕಕ್ಕೆ ತುಂಬಿದ ಬಿಳಿ ಪುಡಿ. ಮಲ್ಲಿಕಾರ್ಜುನಸ್ವಾಮಿಯ ಐದು ಕಿಲೋಮೀಟರ್ ಬೆಳಕು ಈಗ ಹಣೆಗಿಟ್ಟುಕೊಳ್ಳಲೂ ಬಾರದ ಬೂದಿ.

“ವಾರಂಟಿ ಅದ,” ಎಂದ ಮಲ್ಲಿಕಾರ್ಜುನಸ್ವಾಮಿ.

ಮರುದಿನ ಪುಟ್ಟಮಲ್ಲಮ್ಮ ಬಂದಬಂದವರಿಗೆ, ಬೆಟ್ಟದ ದೇವರು ಮಾದಪ್ಪನೇ ತಮ್ಮ ಕಿವಿಯಲ್ಲಿ ಉಸುರಿದನೆಂದೂ ಅದಕ್ಕೇ ತಾವು ಸೊಸೆಯನ್ನು ಈಚೆಗೆ ಕಳಿಸಿದ್ದೆಂದೂ ಹೇಳುತ್ತಿದ್ದರು. ರುದ್ರಸ್ವಾಮಿ, ಬಿಸಿಲು ಸಾಲದಾಯಿತು ಎಂದರು. ಮಗ ಜಗಲಿಯ ಮೇಲೆ ಕಾಲು ಚಾಚಿ, ಟಾರ್ಚಿಗೆ ನಾಲ್ಕು ಸ್ಟಾರ್ ಒತ್ತಿದ. ಪ್ಯಾಕಿಂಗ್ ಚೆನ್ನಾಗಿತ್ತಲ್ಲ! ಆಮೇಲೆ ಹೆಬ್ಬೆರಳು ಮೇಲೆ ಕೆಳಗೆ ಓಡಿತು.

“ಇಲ್ಲೊಂದ್ ಅದ ನೋಡಪ್ಪ. ಆರು ಸೆಲ್ಲಿಂದು. ಎಂಟು ಕಿಲೋಮೀಟ್ರು.”

ಜ್ಯೋತಿಲಕ್ಷ್ಮಿ ತೂತು ಬಿದ್ದ ಸೀರೆಯನ್ನು ತಂದು ಅವನ ಫೋನಿನ ಮೇಲೆ ಹಾಕಿದಳು.

“ತರ್ಸ್ಕಳಿ. ತರ್ಸಿ ನಿಮ್ ತಲೆದಿಂಬ್ನ ಕೆಳ್ಗ ಮಡಿಕ್ಕಂಡು ಮನಿಕ್ಕಳಿ. ನಾನು ಮಗ ಕಾಮಗೆರೇಲಿರ್ತೀವಿ. ಸಿಡುದ್ ಮೇಲ ಸುದ್ದಿ ಕಳ್ಸಿ, ಬತ್ತೀನಿ.”

ಬೀದಿಯಲ್ಲಿ ಹೋಗುತ್ತಿದ್ದ ಚಿಕ್ಕಮಾದಯ್ಯ ನಿಂತು ತಿರುಗಿ ನೋಡಿದ. ಪುಟ್ಟಮಲ್ಲಮ್ಮನ ಬಾಯಿಂದ ಮಾದಪ್ಪನೂ ಹೊರಡಲಿಲ್ಲ. ರುದ್ರಸ್ವಾಮಿ ಅಗಿಯುವುದನ್ನು ಬಿಟ್ಟು, ಮಗನ ಕಡೆ ವಾಲಿದರು.

“ಬ್ಯಾಡ ಬುಡ್ಲಾ. ಇವ್ಳ ಗಂಟ್ಲೇ ಯಳಂದೂರ್ ಗಂಟ ಓಯ್ತದ.”

ಮಲ್ಲಿಕಾರ್ಜುನಸ್ವಾಮಿ ಸೀರೆಯ ಕೆಳಗಿನಿಂದ ಫೋನನ್ನು ಮೆಲ್ಲಗೆ ಎಳೆದುಕೊಂಡ. ಸೀರೆಯನ್ನು ಎತ್ತಿ ಸರಿಸುವಾಗ ತೂತಿನ ಮೂಲಕ ಹೆಂಡತಿಯ ಮುಖ ಕಂಡಿತು. ಫೋನನ್ನು ಜೇಬಿಗಿಟ್ಟ.