ಚಿಲಕ ಹಾಕಿದ ಶುಕ್ರವಾರ

ಹುಮನಾಬಾದಿನ ಪಾಸ್ಟರ್ ಸಂತೋಷಕುಮಾರರು ಪ್ರಾರ್ಥನೆ ಶುರು ಮಾಡಿದರೆ ಆಮೆನ್ ಯಾವಾಗಲೂ ಆಮೇಲೆ. ಶುಕ್ರವಾರದ ಉಪವಾಸ ಪ್ರಾರ್ಥನೆಯಲ್ಲಂತೂ ನಡುನಡುವೆ ಸಭೆಯವರ ಹೊಟ್ಟೆಗಳೇ ಸಾಕ್ಷಿ ಹೇಳುತ್ತಿದ್ದವು. ಆ ದಿನಕ್ಕೊಂದು ನೇಮವಿತ್ತು. ಎಲ್ಲರೂ ಮೊಣಕಾಲೂರಿದ ಮೇಲೆ ಪಾಸ್ಟರರು ಚರ್ಚಿನ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ, ಅಲ್ಲೇ ಬಾಗಿಲ ಬಳಿ ತಾವೂ ಮೊಣಕಾಲೂರುವರು. ಆಮೆನ್ ಆಗುವವರೆಗೆ ಯಾರೂ ಕಣ್ಣು ತೆರೆಯುವಂತಿಲ್ಲ, ಏಳುವಂತಿಲ್ಲ. ಒಮ್ಮೆ ಯಾರದೋ ಎಮ್ಮೆ ಅಂಗಳದಲ್ಲಿ ಒಣಹಾಕಿದ್ದ ಪಾಸ್ಟರರ ನಿಲುವಂಗಿ ಮೆಲ್ಲುವಾಗಲೂ ಅವರು ಕಣ್ಣು ಬಿಟ್ಟಿರಲಿಲ್ಲ. ಅದನ್ನು ಅವರೇ ಭಾನುವಾರದ ಬೋಧನೆಯ ಪ್ರಸಂಗದಲ್ಲಿ ಆಗಾಗ ಹೇಳಿಕೊಳ್ಳುತ್ತಿದ್ದರು.

ಆ ಶುಕ್ರವಾರದ ಪ್ರಾರ್ಥನೆ ಜಯಮಾಲಾಳಿಗಾಗಿ. ಇದೇ ಸಭೆಯ ಮಗಳು. ಬಸವಕಲ್ಯಾಣದ ಅಂಬರೀಷನಿಗೆ ಇದೇ ಪಾಸ್ಟರರು ಮದುವೆ ಮಾಡಿಸಿದ್ದರು. ಅಂಬರೀಷ ಕಬ್ಬು ಕಡಿಯುವವರ ಮುಖಂಡ. ಹಗಲು ಕಬ್ಬು, ಸಂಜೆ ಹೆಂಡತಿ. ಮೊದಲ ಸಲ ಅವಳು ಒಡೆದ ತುಟಿ ಹೊತ್ತು ತವರಿಗೆ ಬಂದಾಗ ಪಾಸ್ಟರರು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ, ಬಸವಕಲ್ಯಾಣದ ಬಸ್ಸು ಹತ್ತಿಸಿದರು. ಎರಡನೆಯ ಸಲ ಬೆರಳು ಮುರಿದಿತ್ತು. ಪ್ರಾರ್ಥನೆ ಉದ್ದವಾಯಿತು, ಬಸ್ಸು ಅದೇ. ಪೊಲೀಸರಿಗೆ ಹೇಳೋಣ ಎಂದ ಸಭೆಯ ಹಿರಿಯಳು ಸರುಬಾಯಿಗೆ, ವಿಶ್ವಾಸ ಕಮ್ಮಿಯಾದವರಿಗಷ್ಟೇ ಠಾಣೆ ನೆನಪಾಗುತ್ತದೆ ಎಂದು ಬೋಧಿಸಿದರು.

ಸರುಬಾಯಿಯ ವಿಶ್ವಾಸ ಹೇಗಿತ್ತೋ, ಕಿವಿ ಮಾತ್ರ ಚೆನ್ನಾಗಿತ್ತು. ಜಯಮಾಲಾಳನ್ನು ಕಾಪಾಡು ತಂದೆಯೇ ಎಂದು ಒಳಗೆ ಎಲ್ಲರೂ ಕೂಗುತ್ತಿದ್ದಾಗ ಬಾಗಿಲು ಬಡಿದ ಸದ್ದು ಮೊದಲು ಕೇಳಿದ್ದು ಅವಳಿಗೆ.

"ನಾ ಜಯಮಾಲಾ ಇದ್ದೀನ್ರಿ. ಅಂವ ಗಾಡಿ ತಗೊಂಡು ಬಸ್ಸಿನ ಬೆನ್ನ ಹತ್ತಿ ಬಂದಾನ. ಬಾಗಿಲಾ ತಗೀರಿ."

ಪಾಸ್ಟರರಿಗೂ ಕೇಳಿಸಿತು. ಸರುಬಾಯಿ ಏಳುವ ಸದ್ದಿಗೆ, ಕಣ್ಣು ಮುಚ್ಚಿಕೊಂಡೇ, ಮೇಲಕ್ಕೆತ್ತಿದ ಬಲಗೈಯನ್ನು ಅವಳ ಕಡೆ ತಿರುಗಿಸಿ, ತಡೆ ಎಂದು ಸನ್ನೆ ಮಾಡಿದರು. ಇನ್ನೇನು, ಆಮೆನ್ ಹತ್ತಿರವೇ ಇತ್ತು.

ಹೊರಗೆ ಹಸಿ ಕಟ್ಟಿಗೆ ಸೀಳಿದಂಥ ಸದ್ದಾಯಿತು. ಮತ್ತೊಮ್ಮೆ ಆಯಿತು. ಆಮೇಲೆ ಬಡಿಯುವುದು ನಿಂತಿತು. ಬಾಗಿಲ ಸಂದಿಯಿಂದ ಬೆಚ್ಚಗೆ ಏನೋ ಹರಿದು ಬಂದು ಜಮಖಾನ ನೆನೆಸಿ ಪಾಸ್ಟರರ ಮೊಣಕಾಲಿಗೆ ತಾಗಿದಾಗ ಅವರು ಕಣ್ಣು ಬಿಟ್ಟರು. ಎಮ್ಮೆಯಿಂದ ಆಗದ್ದು ಇದರಿಂದ ಆಯಿತು.

ಅಷ್ಟರಲ್ಲಿ ಸರುಬಾಯಿ ಚಿಲಕ ತೆಗೆದಿದ್ದಳು. ಜಯಮಾಲಾ ಒಳಗೆ ಬಿದ್ದಳು. ಭುಜ ಬಾಯಿ ಬಿಟ್ಟಿತ್ತು, ಒಳಗೆ ಬಿಳಿ ಎಲುಬು. ಅವಳ ಮೇಲೆ ಅಂಬರೀಷ, ಕೈಯಲ್ಲಿ ಕಬ್ಬು ಕಡಿಯುವ ಕೊಯ್ತಾ. ಅದು ಮೂರನೆಯ ಸಲ ಕುತ್ತಿಗೆಗೆ ಇಳಿಯುವಾಗ, ತಡೆ ಎಂದಿದ್ದ ಅದೇ ಕೈಯನ್ನು ಪಾಸ್ಟರರು ಅಡ್ಡ ಹಿಡಿದರು. ಎರಡು ಬೆರಳು ಜಮಖಾನದ ಮೇಲೆ ಬಿದ್ದವು. ಉಳಿದ ಎಡಗೈಯಿಂದ ಅವರು ಅಂಬರೀಷನ ಕೂದಲು ಹಿಡಿದು ಮುಖವನ್ನು ಬಾಗಿಲ ಚೌಕಟ್ಟಿಗೆ ಹೊಡೆದರು. ಹಲ್ಲು ಉದುರಿದವು. ಮತ್ತೆ ಹೊಡೆದರು. ಪ್ರಸಂಗದಲ್ಲಿ ಅವರು ಎಂದೂ ಇಷ್ಟು ಚುಟುಕಾಗಿ ವಿಷಯಕ್ಕೆ ಬಂದವರಲ್ಲ. ಸರುಬಾಯಿ ಕಬ್ಬಿಣದ ಕುರ್ಚಿ ಮಡಚಿ ಅವನ ಮೊಣಕಾಲಿಗೆ ಬೀಸಿದಳು. ಅವನು ಆ ಚರ್ಚಿನಲ್ಲಿ ಮೊದಲ ಸಲ ಮೊಣಕಾಲೂರಿದ. ಹಿಂದಿನ ಸಾಲಿನ ಇಬ್ಬರು ಇನ್ನೂ ಕಣ್ಣು ಮುಚ್ಚಿಯೇ ಇದ್ದರು. ನೇಮ ಅಂದರೆ ನೇಮ.

ಆಟೋದಲ್ಲಿ ಪಾಸ್ಟರರು ನಿಲುವಂಗಿ ಹರಿದು ಅವಳ ಭುಜ ಬಿಗಿದರು. ಅವರ ತುಟಿ ಅಲ್ಲಾಡುವುದನ್ನು ನೋಡಿ ಜಯಮಾಲಾ ಹೆದರಿದಳು.

"ಪ್ರಾರ್ಥನಾ ಮುಗಿದ ಮ್ಯಾಲ ಮತ್ತ ಬಸ್ ಹತ್ತಸ್ತೀರೇನ್ರಿ?"

"ಇಲ್ಲ, ತಂಗಿ."

ದವಾಖಾನೆಯಲ್ಲಿ ಅವಳ ಜೀವ ಉಳಿಯಿತು. ಅಂಬರೀಷ ಠಾಣೆಯಲ್ಲಿದ್ದ. ಸಂಜೆ ಅಂಬರೀಷನ ಅಣ್ಣ ಜ್ಞಾನೇಶ್ವರ ಬಸವಕಲ್ಯಾಣದಿಂದ ಓಡಿ ಬಂದ. ಸಭೆಯ ಮಾನ ಸಭೆಯೊಳಗೇ ಇರಲಿ, ಕೇಸು ಗೀಸು ಬೇಡ, ಎಲ್ಲರೂ ಕೂಡಿ ಒಂದು ಪ್ರಾರ್ಥನೆ ಮಾಡಿ ಮುಗಿಸೋಣ ಎಂದ. ಹಿಂದಿನ ಸಾಲಿನ ಇಬ್ಬರೂ ತಲೆಯಾಡಿಸಿದರು.

"ಅಂಬರೀಷನ ಸಲುವಾಗಿ ದಿನಾ ಪ್ರಾರ್ಥನಾ ಮಾಡ್ತೀನ್ರಿ," ಎಂದರು ಪಾಸ್ಟರರು. "ಅಂವ ಜೇಲಿನಾಗ ಇದ್ರ ನಿಶ್ಚಿಂತಿಲೆ ಮಾಡ್ಲಿಕ್ಕೆ ಬರ್ತದ."

ಹವಾಲ್ದಾರ ಬರೆದುಕೊಳ್ಳಲು ಬಂದಾಗ ಎಲ್ಲವನ್ನೂ ಹೇಳಿದರು. ಕೊನೆಗೆ ಪೆನ್ನು ಮುಚ್ಚಹೊರಟ ಅವನನ್ನು ತಡೆದು, "ಬಾಗಿಲಾ ಬಡದಿದ್ದು ನನಗ ಕೇಳಿಸಿತ್ತು. ಅದೂ ಬರ್ಕೋರಿ," ಎಂದರು.

"ಮತ್ತ ಯಾಕ ತಗೀಲಿಲ್ರಿ?"

"ಆಮೆನ್ ಆಗಿದ್ದಿಲ್ಲ."

ಹವಾಲ್ದಾರ ಅದನ್ನೂ ಬರೆದುಕೊಂಡ. ಮೂಲೆಯಲ್ಲಿ ಕೂತಿದ್ದ ಸರುಬಾಯಿ, ಆ ಆಮೆನ್ ಇನ್ನೂ ಬಾಕಿ ಇದೆ, ಈಗಲಾದರೂ ಅಂದು ಮುಗಿಸಿರಿ ಎಂದಳು.

ಪಾಸ್ಟರರು ಮಲಗಿದ್ದ ಜಯಮಾಲಾಳ ಕಡೆ ನೋಡಿದರು. ಆಮೇಲೆ ಹವಾಲ್ದಾರನಿಂದ ಹಾಳೆ ಎಳೆದುಕೊಂಡು, ಎಡಗೈಯಲ್ಲಿ ಪೆನ್ನು ಹಿಡಿದರು.

"ಮೊದಲಿಗೆ ಸಹಿ ಮಾಡ್ತೀನಿ, ಅವ್ವಾ. ಆಮೆನ್ ಆಮ್ಯಾಲ."