ಕಿರೀಟ ಬದಲಿಸಿದ ಕೈ

ಅಥೆನ್ಸಿನ ಶ್ರೀಮಂತರು ಸಂಸಾರ ಕಟ್ಟುವಾಗ ಪಾದ್ರಿಯನ್ನು ಹುಡುಕುತ್ತಾರೆ, ಒಡೆಯುವಾಗ ವಕೀಲೆ ಅಸ್ಪಾಸಿಯಾ ಕೊಂಡಿಲಿಯನ್ನು. ಹಡಗುಗಳ ಧಣಿ ಸ್ಟ್ರಾಟೋಸ್ ಮಾವ್ರೆಲಿಸ್ ಅವಳ ಕಚೇರಿಗೆ ಬಂದು, ಹೆಂಡತಿ ಹೋಗಬೇಕು, ಮಗಳು ಮಾತ್ರ ತನ್ನಲ್ಲೇ ಉಳಿಯಬೇಕು ಎಂದಾಗ ಅವಳು ಕಾನೂನಿನ ಪುಸ್ತಕವನ್ನು ಮುಟ್ಟಲೂ ಇಲ್ಲ.

"ಮೊದಲು ಕಾಫಿ ಕುಡಿ," ಎಂದಳು.

"ಈಗಷ್ಟೇ ಕುಡಿದೆನಲ್ಲೇ."

"ಇಲ್ಲಿ ಅಲ್ಲ ಮಾರಾಯ. ಊರಲ್ಲಿ ಹೆಸರಿರೋ ಒಬ್ಬೊಬ್ಬ ವಕೀಲರ ಹತ್ರಾನೂ ಹೋಗು. ಕೂತ್ಕೊಂಡು ನಿನ್ನ ಸಂಕಟ ತೋಡ್ಕೊ. ಒಂದ್ಸಲ ನಿನ್ನ ಗುಟ್ಟು ಕೇಳಿದವರು ಆಮೇಲೆ ನಿನ್ನ ಹೆಂಡ್ತಿ ಮಿರ್ಸಿನಿ ಪರ ನಿಲ್ಲೋ ಹಾಗಿಲ್ಲ. ನನ್ನ ಹತ್ರ ಬಂದಿದ್ದು ಮಾತ್ರ ಬಾಯಿ ಬಿಡಬೇಡ."

ಸ್ಟ್ರಾಟೋಸ್ ಹೊಟ್ಟೆ ಕುಣಿಸಿ ನಕ್ಕ. "ನಮ್ಮ ಮದುವೇಲಿ ಕಿರೀಟ ಬದಲಿಸಿದ್ದು ಇದೇ ಕೈ ಅಲ್ವಾ? ನಡುಗಲ್ವೇನೇ?"

"ಆವತ್ತೂ ನಡುಗಿರ್ಲಿಲ್ಲ."

ಗ್ರೀಕರ ಮದುವೆಯಲ್ಲಿ ರಿಬ್ಬನ್ನಿನಿಂದ ಬೆಸೆದ ಎರಡು ಬಿಳಿ ಕಿರೀಟಗಳನ್ನು ವಧೂವರರ ತಲೆಯ ಮೇಲೆ ಅದಲುಬದಲು ಮಾಡಿದವಳು ಆ ಮನೆಗೆ ಒಡಹುಟ್ಟಿದವಳಿಗಿಂತ ಹೆಚ್ಚು. ಅಸ್ಪಾಸಿಯಾ ಅಷ್ಟಕ್ಕೇ ನಿಂತಿರಲಿಲ್ಲ. ಮಗು ಹುಟ್ಟಿದಾಗ ದೀಕ್ಷಾಸ್ನಾನದ ನೀರಿನಿಂದ ಅದನ್ನು ತನ್ನ ಕೈಗೆ ಎತ್ತಿಕೊಂಡು, ಅರ್ಗಿರೋ ಎಂದು ಹೆಸರಿಟ್ಟವಳೂ ಅವಳೇ. ಮಗು ಅವಳನ್ನು ನೋನಾ ಎನ್ನುತ್ತಿತ್ತು, ಧರ್ಮದ ತಾಯಿ.

ಬಡವನ ಹೆಂಡತಿಗೆ ಒಳ್ಳೆಯ ವಕೀಲ ಸಿಗುವುದಿಲ್ಲ, ಅವಳ ಕೈ ಬರಿದು. ಮಿರ್ಸಿನಿಯ ಕೈ ತುಂಬಿತ್ತು, ಆದರೂ ಸಿಗಲಿಲ್ಲ. ಗಂಡ ಒಬ್ಬ ವಕೀಲೆಯನ್ನು ಹಿಡಿದು ಉಳಿದವರೆಲ್ಲರ ಬಾಯಿಗೆ ಬೀಗ ಹಾಕಿದ್ದ. ಆ ಬೀಗಕ್ಕೆ ಕಾನೂನು 'ವೃತ್ತಿನೀತಿ' ಎಂದು ಹೆಸರಿಟ್ಟಿತ್ತು. ಎಲ್ಲ ಬಾಗಿಲೂ ಮುಚ್ಚಿದ ಮೇಲೆ ಅವಳು ಅಸ್ಪಾಸಿಯಾಳಿಗೆ ಫೋನು ಮಾಡಿದಳು. ಬೇಟೆ ಬರುವ ದಾರಿಯಲ್ಲೇ ಬಂದಿತ್ತು.

"ಕಚೇರಿ ಯಾಕೆ? ಮನೆಗೆ ಬಾ. ನಾವೇನು ಬೇರೆಯವರಾ?" ಎಂದಳು ಅಸ್ಪಾಸಿಯಾ.

ಅಡುಗೆಮನೆಯಲ್ಲಿ ಕೂರಿಸಿ, ನೊರೆ ಬರುವವರೆಗೆ ಕಾದು ಕಾಫಿ ಇಳಿಸಿ ಕೊಟ್ಟಳು.

"ಅಕ್ಕಾ, ಒಬ್ರೂ ನನ್ನ ಕೇಸು ಹಿಡೀತಿಲ್ಲ. ನನಗೇನು ಅಂಟುರೋಗ ಬಂದಿದ್ಯಾ?"

"ಅಳಬೇಡ ಕಣೇ. ಅವನು ನಿನ್ನ ಮೇಲೆ ಏನು ಎತ್ತಬಹುದು? ಇದ್ದದ್ದು ಇದ್ದ ಹಾಗೆ ಹೇಳು. ಗೊತ್ತಿದ್ರೆ ತಾನೇ ದಾರಿ ಹುಡುಕೋದು?"

ಮಿರ್ಸಿನಿ ಬಟ್ಟಲನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದಳು. ಬಾಣಂತನದಲ್ಲಿ ಅವಳ ಮನಸ್ಸು ಮಂಕು ಕವಿದುಹೋಗಿತ್ತು. ಒಂದು ದಿನ ಮಗುವನ್ನು ಸ್ನಾನದ ತೊಟ್ಟಿಯಲ್ಲಿ ಕೂರಿಸಿ, ನಲ್ಲಿಯನ್ನು ಹಾಗೇ ಬಿಟ್ಟು, ಬಾಲ್ಕನಿಗೆ ಹೋಗಿ ನಿಂತಿದ್ದಳು.

"ಅಳು ಕೇಳ್ತಿತ್ತು ಅಕ್ಕಾ. ಕಾಲೇ ಏಳ್ತಿರ್ಲಿಲ್ಲ. ಆಮೇಲೆ ಹೇಗೋ ಓಡ್ದೆ. ಎತ್ಕೊಂಡೆ. ಮಾರನೇ ದಿನಾನೇ ಡಾಕ್ಟರ ಹತ್ರ ಹೋಗಿ, ನಿದ್ದೆ ಬರಲ್ಲ ಅಂತ ಸುಳ್ಳು ಹೇಳಿ ಔಷಧಿ ತಗೊಂಡೆ. ಅವತ್ತಿಂದ ಇವತ್ತಿನವರೆಗೂ ಅವಳನ್ನ ಬಿಟ್ಟು ಕದಲಿಲ್ಲ."

"ಇದು ಯಾರಿಗೆಲ್ಲ ಗೊತ್ತು?"

"ನಿನಗೇ ಮೊದಲು ಹೇಳ್ತಿರೋದು."

ಅಸ್ಪಾಸಿಯಾ ಅವಳನ್ನು ತಬ್ಬಿಕೊಂಡಳು. ಬೆನ್ನು ಸವರುತ್ತಿದ್ದ ಹಾಗೇ ಲೆಕ್ಕ ಹಾಕಿದಳು: ಕಚೇರಿಯಲ್ಲ, ಸಹಿಯಿಲ್ಲ, ಫೀಸಿಲ್ಲ. ತಾನು ಕೇಳಿದ್ದು ವಕೀಲೆಯಾಗಿ ಅಲ್ಲ. ಮಗುವಿನ ಬಾಯಿಂದ ಬಂದರೆ ಇದು ಬಂಗಾರ.

ಭಾನುವಾರ ಅರ್ಗಿರೋಳನ್ನು ಕರೆದುಕೊಂಡು ಹೋಗಿ ಜೇನು ಸುರಿದ ಬಿಸಿ ಉಂಡೆ ಕೊಡಿಸಿದಳು. ಏಳು ವರ್ಷದ ಹುಡುಗಿಯ ಗಲ್ಲವೆಲ್ಲ ಅಂಟಂಟು.

"ಪುಟ್ಟೀ, ಅಮ್ಮ ಸ್ನಾನ ಮಾಡಿಸುವಾಗ ಹೆದರಿಕೆ ಆಗುತ್ತೆ ಅಲ್ವಾ?"

"ಇಲ್ವಲ್ಲ. ನಾವು ಹಡಗು ಮುಳುಗಿಸೋ ಆಟ ಆಡ್ತೀವಿ."

"ಆಗುತ್ತೆ ಕಂದಾ, ನಿನಗೆ ಮರೆತುಹೋಗಿದೆ. ನೀನು ಕೂಸಾಗಿದ್ದಾಗ ಅಮ್ಮ ನಿನ್ನನ್ನ ನೀರಲ್ಲೇ ಬಿಟ್ಟು ಹೋಗಿದ್ಲು. ಕೂಗಿದ್ರೂ ಬರಲಿಲ್ಲ."

"ಸುಳ್ಳು!"

"ನೋನಾ ಯಾವತ್ತಾದ್ರೂ ಸುಳ್ಳು ಹೇಳಿದಾಳಾ?"

ಮಗು ತಿನ್ನುವುದನ್ನು ನಿಲ್ಲಿಸಿತು. ಅಸ್ಪಾಸಿಯಾ ಕರವಸ್ತ್ರದಿಂದ ಅದರ ಗಲ್ಲ ಒರೆಸಿದಳು. "ಜಡ್ಜ್ ಆಂಟಿ ಕೇಳಿದಾಗ ಹೆದರಿಕೆ ಆಗುತ್ತೆ ಅನ್ನು, ಯಾಕೆ ಅಂತಾನೂ ಹೇಳು. ಅವರು ಅಮ್ಮನಿಗೆ ಔಷಧಿ ಕೊಡಿಸ್ತಾರೆ. ಈಸ್ಟರಿಗೆ ಅಮ್ಮ ವಾಸಿಯಾಗಿ ಮನೆಗೆ ಬರ್ತಾಳೆ."

ಮಗು ಹೇಳಿತು. ನ್ಯಾಯಾಧೀಶೆ ಮಿರ್ಸಿನಿಯನ್ನು ಕರೆದು, "ಮಗುವನ್ನು ನೀರಲ್ಲಿ ಬಿಟ್ಟು ಹೋದದ್ದು ನಿಜವಾ?" ಎಂದು ಕೇಳಿದಾಗ ಅವಳು ಗಂಡನ ಪಕ್ಕದಲ್ಲಿ ಕೂತಿದ್ದ ಅಸ್ಪಾಸಿಯಾಳ ಕಡೆ ನೋಡಿದಳು. ಸುಳ್ಳು ಅವಳ ಬಾಯಿಗೆ ಬರಲಿಲ್ಲ. "ನಿಜ," ಎಂದಳು. ಎಲ್ಲರೂ ಬೇಡವೆಂದ ಮೇಲೆ ಸಿಕ್ಕಿದ್ದ ಅವಳ ಎಳಸು ವಕೀಲ ಕಡತ ಮುಚ್ಚಿಟ್ಟ.

ಮಗು ತಂದೆಗೆ ಹೋಯಿತು.

ಕೋರ್ಟಿನ ಪಡಸಾಲೆಯಲ್ಲಿ ಮಿರ್ಸಿನಿ ಅಸ್ಪಾಸಿಯಾಳ ತೋಳು ಹಿಡಿದಳು. "ಅಕ್ಕಾ, ನಿನ್ನನ್ನ ನಂಬಿ ಹೇಳಿದ್ದೆ."

"ನನ್ನ ಅಡುಗೆಮನೇಲಿ ಹರಟೆ ಹೊಡೆದೆ ಮಿರ್ಸಿನಿ. ವಕೀಲೆ ಬೇಕಿದ್ರೆ ಕಚೇರಿಗೆ ಬರಬೇಕಿತ್ತು." ಅಸ್ಪಾಸಿಯಾ ತೋಳು ಬಿಡಿಸಿಕೊಂಡು ಕೋಟಿನ ಸುಕ್ಕು ನೀವಿದಳು.

ಈಸ್ಟರಿಗೆ ನೋನಾ ಆದವಳು ಮೋಂಬತ್ತಿಯನ್ನೂ ಹೊಸ ಬೂಟನ್ನೂ ತರಬೇಕು. ಅಸ್ಪಾಸಿಯಾ ಸಂಪ್ರದಾಯ ಬಿಟ್ಟವಳಲ್ಲ. ರಿಬ್ಬನ್ ಕಟ್ಟಿದ ಎತ್ತರದ ಮೋಂಬತ್ತಿ, ಕೆಂಪು ಬೂಟು ಹಿಡಿದು ಮಾವ್ರೆಲಿಸ್ ಬಂಗಲೆಗೆ ಹೋದಳು. ತೋಟದಲ್ಲಿ ಹಬ್ಬದ ಕುರಿಮರಿ ಕೆಂಡದ ಮೇಲೆ ಬೇಯುತ್ತಿತ್ತು. ಸ್ಟ್ರಾಟೋಸ್ ಹೊಸ ಹುಡುಗಿಯ ಸೊಂಟ ಬಳಸಿ ನಿಂತಿದ್ದ.

"ಬಾರೇ! ಮುಂದಿನ ಮದುವೇಗೂ ಕಿರೀಟ ಬದಲಿಸೋಳು ನೀನೇ. ನಿನ್ನ ಕೈಗುಣ ಚೆನ್ನಾಗಿದೆ!"

"ನನ್ನ ಫೀಸು ತಡ್ಕೋತೀಯಾ?" ಎಂದಳು. ಎಲ್ಲರೂ ನಕ್ಕರು.

ಅರ್ಗಿರೋ ಮೆಟ್ಟಿಲ ಮೇಲೆ ಕೂತಿದ್ದಳು. ಕೂದಲು ಜಿಡ್ಡುಗಟ್ಟಿ ಗಂಟಾಗಿತ್ತು. ಮಗು ನೋಡಿಕೊಳ್ಳುವ ಹೊಸ ಹೆಂಗಸು ಬಳಿ ಬಂದು ದನಿ ತಗ್ಗಿಸಿದಳು. "ತೊಟ್ಟಿ ಕಂಡ್ರೆ ಕಿರುಚ್ತಾಳಮ್ಮ. ನಲ್ಲಿ ಸದ್ದಾದ್ರೂ ಮಂಚದ ಕೆಳಗೆ ಸೇರ್ಕೋತಾಳೆ. ಒದ್ದೆ ಬಟ್ಟೇಲಿ ಒರೆಸೋಕೂ ಬಿಡಲ್ಲ."

ಅಸ್ಪಾಸಿಯಾ ಮೆಟ್ಟಿಲ ಮುಂದೆ ಮಂಡಿಯೂರಿ ಬೂಟು ತೊಡಿಸತೊಡಗಿದಳು.

"ನೋನಾ, ನೀನು ಹೇಳಿಕೊಟ್ಟ ಹಾಗೇ ಹೇಳಿದೆ. ಅಮ್ಮ ಯಾವಾಗ ಬರ್ತಾಳೆ?"

"ಕಾಲು ಮುಂದೆ ಚಾಚು."

"ಇವತ್ತು ಈಸ್ಟರ್ ಅಲ್ವಾ?"

ಅಸ್ಪಾಸಿಯಾ ಲೇಸನ್ನು ಬಿಗಿಯಾಗಿ ಕಟ್ಟಿದಳು. ಮಿರ್ಸಿನಿ ಮೇಲಿನ ಕೋರ್ಟಿಗೆ ಹೋಗಿದ್ದಳು. ನೀರಿನ ಭಯ ನಿಜವಾದದ್ದೇ ಎಂದು ಅಲ್ಲಿ ಯಾರಾದರೂ ಒಳ್ಳೆಯ ವೈದ್ಯರು ಹೇಳಿದರೆ ಸ್ಟ್ರಾಟೋಸನ ಕೇಸು ಕಲ್ಲಿನಂತೆ ಗಟ್ಟಿಯಾಗುತ್ತದೆ. ಅಸ್ಪಾಸಿಯಾ ಎದ್ದು ಆ ಹೆಂಗಸಿನತ್ತ ತಿರುಗಿದಳು.

"ಬಲವಂತ ಮಾಡಬೇಡಿ. ಡಾಕ್ಟರು ಬಂದು ನೋಡೋವರೆಗೂ ಹೀಗೇ ಇರಲಿ."