ಸಾಕು ಎಂದು ಹೇಳದ ರಕ್ತ

ಹಸುವಿಗೆಂದು ನೆನೆಸಿಟ್ಟಿದ್ದ ಬೂಸಾವನ್ನು ಶಿರೀಷಾ ಎರಡೂ ಕೈಯಲ್ಲಿ ಬಾಚಿ ತಿನ್ನುತ್ತಿದ್ದಾಗ ದೊಡ್ಡಗಂಗಮ್ಮನ ಕಣ್ಣಿಗೆ ಬಿದ್ದಳು. ಬಿದ್ದ ಮೇಲೆ ಕೇಳಬೇಕೇ? ಅಂಗಳ ಗುಡಿಸುತ್ತಿದ್ದ ಪೊರಕೆಯನ್ನೇ ತಿರುಗಿಸಿ ಹಿಡಿದು ಮುದುಕಿ ಹುಡುಗಿಯ ಬೆನ್ನಿಗೆ ಬಾರಿಸಿದಳು.

"ದೊಂಗ ಮುಂಡೆ, ಕಳ್ಳಿ! ಹಸು ಬಾಯಿಂದಾನೂ ಕದ್ದು ತಿಂತೀಯೇನೇ? ಏನ್ ಹೊಟ್ಟೇನೇ ಅದು, ಬಾವೀನಾ?"

ಶಿರೀಷಾಗೆ ಏಳು ವರ್ಷ, ತೂಕ ಐವತ್ತೆರಡು ಕೆಜಿ. ಶಾಲೆಯ ಬಿಸಿಯೂಟದಲ್ಲಿ ತನ್ನ ತಟ್ಟೆ ಮುಗಿಸಿ ಪಕ್ಕದವರ ತಟ್ಟೆಗೆ ಕೈ ಹಾಕುತ್ತಾಳೆಂದು ಮೇಷ್ಟ್ರು ಅವಳನ್ನು ದೂರ ಕೂರಿಸುತ್ತಿದ್ದರು. ಹಸಿ ರಾಗಿ ಹಿಟ್ಟು, ತೋಟದಲ್ಲಿ ಉದುರಿ ಕೊಳೆತ ಮಾವು, ಯಾವುದನ್ನೂ ಬಿಟ್ಟವಳಲ್ಲ. ಊರಿಗೆ ಅವಳೊಂದು ನಗೆಪಾಟಲು. ಬಡಕಲು ಮಗು ಹಸಿವು ಎಂದರೆ ನಾಲ್ಕು ಮನೆಯವರು ಹಾಲಿನ ಲೋಟ ಹಿಡಿದು ಓಡಿ ಬರುತ್ತಾರೆ. ದಪ್ಪ ಮಗು ಹಸಿವು ಎಂದರೆ ಬೈಗುಳ. ನಮ್ಮ ಜನದ ಕರುಣೆಯೂ ತಕ್ಕಡಿ ನೋಡಿಯೇ ಹೊರಗೆ ಬರುವುದು.

ಅವಳ ಹಸಿವನ್ನು ನಂಬಿದ್ದವಳು ತಾಯಿ ರಾಧಾ ಒಬ್ಬಳೇ. ಮಗಳ ಮೇಲೆ ಒಂದು ದಿನವೂ ಕೈ ಎತ್ತಿದವಳಲ್ಲ. ಅತ್ತೆಯ ಕಣ್ಣು ತಪ್ಪಿಸಿ ಸೆರಗಿನ ಮರೆಯಲ್ಲಿ ಮುದ್ದೆ ತಂದು ಕೊಡುತ್ತಿದ್ದಳು. ಅತ್ತೆ ಎಂದರೂ ದೊಡ್ಡಗಂಗಮ್ಮ ಅವಳಿಗೆ ಹೆತ್ತಮ್ಮನ ತಾಯಿ. ಓದುತ್ತೇನೆ ಎಂದು ರಾಧಾ ಅತ್ತು ಕರೆದರೂ ಬಿಡದೆ, ಹದಿನೆಂಟು ತುಂಬಿದ ತಿಂಗಳಲ್ಲೇ ಅವಳನ್ನು ತನ್ನ ಕಿರಿಮಗ ಮುನಿಕೃಷ್ಣನಿಗೆ ಕಟ್ಟಿದವಳು ಈ ಮುದುಕಿಯೇ. "ಸೋದರಮಾವ ಕಣ್ಮುಂದೆ ಇರೋವಾಗ ಮನೆ ಹೆಣ್ಣು ಹೊರಗ್ಯಾಕೆ ಹೋಗ್ಬೇಕು?" ಎಂದಿದ್ದಳು. ಹೀಗೆ ಮಾವ ಗಂಡನಾದ, ಅವ್ವ ಎಂದು ಕರೆಯುತ್ತಿದ್ದ ಅಜ್ಜಿ ಅತ್ತೆಯಾದಳು. ರಾಧಾಳ ನಾಲಿಗೆ ಮಾತ್ರ ಇಬ್ಬರನ್ನೂ ಹಳೆಯ ಹೆಸರಿನಲ್ಲೇ ಕರೆಯುತ್ತಿತ್ತು.

ಬೂಸಾ ತಿಂದ ವಾರದಲ್ಲೇ ರಾಧಾ ಗಂಡನ ಕಾಲು ಹಿಡಿದು ಒಪ್ಪಿಸಿ, ಮಗಳನ್ನು ಕೋಲಾರಕ್ಕೆ ಕರೆದುಕೊಂಡು ಹೋದಳು. ಮಕ್ಕಳ ಡಾಕ್ಟರು ಸೌಪರ್ಣಿಕಾ ಹುಡುಗಿಯನ್ನು ಬಹಳ ಹೊತ್ತು ನೋಡಿದರು.

"ಹುಟ್ಟಿದಾಗ್ಲೇ ದಪ್ಪ ಇದ್ಲಾ?"

"ಇಲ್ಲ ಮೇಡಂ, ಎಲ್ಲಾ ಮಕ್ಕಳ ಥರಾನೇ ಇದ್ಲು. ಮೂರ್ನಾಲ್ಕು ತಿಂಗಳಾದ್ಮೇಲೆ ಹಿಂಗಾಯ್ತು. ಎಷ್ಟ್ ಕೊಟ್ರೂ ಅಳು ನಿಲ್ಸಲ್ಲ."

"ಲೆಪ್ಟಿನ್ ಅಂತ ಒಂದು ರಕ್ತಪರೀಕ್ಷೆ ಮಾಡ್ಸೋಣಮ್ಮ. ಮೈಯಲ್ಲಿರೋ ಕೊಬ್ಬೇ ತಯಾರು ಮಾಡೋ ಹಾರ್ಮೋನು ಅದು. ಬೇಕಾದಷ್ಟು ಕೂಡಿಟ್ಟಾಗಿದೆ, ಇನ್ನು ಸಾಕು ಅಂತ ಮೆದುಳಿಗೆ ಹೇಳೋದು ಅದೇ. ನಾಳೆ ಬರೀ ಹೊಟ್ಟೇಲಿ ಕರ್ಕೊಂಡ್ ಬನ್ನಿ."

ಮರುದಿನ ಶ್ರೀನಿವಾಸಪುರದಿಂದ ಹೊರಟ ಮೊದಲ ಬಸ್ಸಿನಲ್ಲಿ ಶಿರೀಷಾ ತಾಯಿಯ ಸೆರಗಿನ ತುದಿಯನ್ನು ಅಗಿಯುತ್ತಲೇ ಕೋಲಾರ ತಲುಪಿದಳು. ಸೂಜಿ ಚುಚ್ಚಿದಾಗ ಅಳಲಿಲ್ಲ. "ಇದಾದ್ಮೇಲೆ ತಿನ್ನೋಕೆ ಕೊಡ್ತಾರಾ?" ಎಂದು ಮಾತ್ರ ಕೇಳಿದಳು.

ರಕ್ತ ಬೆಂಗಳೂರಿಗೆ ಹೋಗಿ ರಿಪೋರ್ಟ್ ಬರಲು ಹತ್ತು ದಿನ ಹಿಡಿಯಿತು. ಆ ಹತ್ತು ದಿನವೂ ರಾಧಾ ದೇವರ ಮುಂದೆ ನಿಂತು ಬೇಡಿದ್ದು ಒಂದೇ: ನನ್ನ ಮಗಳಿಗೆ ಕಾಯಿಲೆ ಇರಲಪ್ಪಾ. ಯಾವ ತಾಯಿ ಹೀಗೆ ಬೇಡಿಯಾಳು? ಆದರೆ ಕಾಯಿಲೆ ಇಲ್ಲದಿದ್ದರೆ ಮಗಳು ಕಳ್ಳಿಯಾಗಿಯೇ ಉಳಿಯುತ್ತಾಳೆ, ಪೊರಕೆ ಏಟು ನಿಲ್ಲುವುದಿಲ್ಲ. ಕಾಗದದ ಮೇಲೆ ಒಂದು ಕಾಯಿಲೆಯ ಹೆಸರು ಸಿಕ್ಕರೆ ಸಾಕಾಗಿತ್ತು ಅವಳಿಗೆ.

ರಿಪೋರ್ಟ್ ದಿನ ದೊಡ್ಡಗಂಗಮ್ಮನೂ ಹೊರಟಳು. "ಬರೀ ಬಾಯಿಚಪಲ ಅಂತ ಡಾಕ್ಟ್ರ ಬಾಯಲ್ಲೇ ಕೇಳ್ಕೊಂಡ್ ಬರ್ತೀನಿ" ಎಂದಳು. ಮುನಿಕೃಷ್ಣ ತಾಯಿಯ ಹಿಂದೆ ಬಂದ.

"ಇಷ್ಟು ಕೊಬ್ಬಿರೋ ಮಗು ರಕ್ತದಲ್ಲಿ ಲೆಪ್ಟಿನ್ ರಾಶಿ ಇರ್ಬೇಕಿತ್ತು" ಎಂದರು ಡಾಕ್ಟರು. "ಇವಳಲ್ಲಿ ಇಲ್ಲವೇ ಇಲ್ಲ ಅನ್ನೋ ಅಷ್ಟು ಕಮ್ಮಿ. ಎಷ್ಟೇ ತಿಂದ್ರೂ ಇವಳ ಮೆದುಳಿಗೆ ಉಪವಾಸ ಬಿದ್ದು ಸಾಯ್ತಿದೀನಿ ಅಂತಾನೇ ಅನ್ಸುತ್ತೆ. ಇದು ಮಗು ತಪ್ಪಲ್ಲ."

ರಾಧಾಳಿಗೆ ಎದ್ದು ಕುಣಿಯುವಷ್ಟು ಸಂತೋಷವಾಯಿತು. "ಕೇಳಿಸ್ತಾ ಅವ್ವಾ?" ಎಂದು ಮುದುಕಿಯ ಕಡೆ ತಿರುಗಿದಳು. ಆಮೇಲೆ ಔಷಧಿಯ ಬಗ್ಗೆ ಕೇಳಿದಳು.

"ದಿನಾ ಕೊಡೋ ಇಂಜೆಕ್ಷನ್ ಇದೆ. ಇಲ್ಲಿ ಸಿಗಲ್ಲ, ಹೊರದೇಶದಿಂದ ಬರ್ಬೇಕು. ನಾನು ಬರೀತೀನಿ. ಸಿಕ್ಕೇ ಸಿಗುತ್ತೆ ಅಂತ ಮಾತು ಕೊಡೋಕಾಗಲ್ಲ."

"ಅಲ್ಲೀ ತನಕ?"

"ಅಡಿಗೆಮನೆಗೆ ಬೀಗ ಹಾಕಿ. ಅಳತೆ ಮಾಡಿ ಊಟ ಕೊಡಿ, ಎಷ್ಟ್ ಅತ್ರೂ ಕರಗ್ಬೇಡಿ. ಈಗ್ಲೇ ಲಿವರ್ ಮೇಲೆ ಕೊಬ್ಬು ಕೂತಿದೆ." ಅವರು ಗಂಡ ಹೆಂಡತಿ ಇಬ್ಬರನ್ನೂ ನೋಡಿ ಕೇಳಿದರು, "ನೀವಿಬ್ರೂ ಸಂಬಂಧದಲ್ಲೇ ಮದುವೆ ಆಗಿರೋದಾ?"

ಅಕ್ಕನ ಮಗಳು ಎಂದ ಮುನಿಕೃಷ್ಣ.

"ಒಂದೇ ದೋಷ ಅಪ್ಪ ಅಮ್ಮ ಇಬ್ಬರಿಂದಲೂ ಬಂದಾಗ ಮಗುಗೆ ಹಿಂಗಾಗೋದು. ನಿಮ್ಮಿಬ್ರಿಗೂ ಅದು ಮನೆ ಹಿರಿಯರಿಂದ್ಲೇ ಬಂದಿರುತ್ತೆ. ಇನ್ನೊಂದ್ ಮಗು ಆದ್ರೆ ಅದಕ್ಕೂ ಬರಬಹುದು."

ದೊಡ್ಡಗಂಗಮ್ಮ ಮುಂದಕ್ಕೆ ಬಾಗಿದಳು. "ನನ್ ಮಗನಿಗೆ ಹೊರಗಿನ ಹೆಣ್ಣು ತಂದಿದ್ರೆ?"

"ಹಿಂಗಾಗೋ ಸಾಧ್ಯತೆ ತುಂಬಾ ಕಮ್ಮಿ ಇರ್ತಿತ್ತು."

ಮನೆ ಹಿರಿಯರು ಎಂದರೆ ತಾನೇ ಎಂಬುದು ಮುದುಕಿಯ ಕಿವಿಗೆ ಹೋಗಲೇ ಇಲ್ಲ. ತನಗೆ ಬೇಕಾದ ಮಾತನ್ನಷ್ಟೇ ಕಟ್ಟಿಕೊಂಡು ಊರಿಗೆ ಬಂದಳು.

ಮರುದಿನದಿಂದ ಅವಳು ಶಿರೀಷಾಳನ್ನು ಹೊಡೆಯುವುದು ಬಿಟ್ಟಳು. ಬಂದವರಿಗೆಲ್ಲ "ಪಾಪ, ಕಾಯಿಲೆ ಮಗು" ಎನ್ನತೊಡಗಿದಳು. ಮೂರನೆಯ ದಿನ ಜಗುಲಿಯ ಮೇಲೆ ಬೆಳ್ಳುಳ್ಳಿ ಬಿಡಿಸುತ್ತಾ, ರಾಧಾ ಎದುರಿಗೇ ಇರುವಾಗ, ಮಗನಿಗೆ ಹೇಳಿದಳು.

"ಮಾಲೂರಲ್ಲಿ ಅನಿತ ಅಂತ ಒಂದ್ ಹುಡುಗಿ ಐತೆ ಕಣೋ. ನಮಗೂ ಅವ್ರಿಗೂ ರಕ್ತಸಂಬಂಧ ಏನೂ ಇಲ್ಲ. ಭಾನುವಾರ ಹೋಗಿ ನೋಡ್ಕೊಂಡ್ ಬರೋಣ."

ರಾಧಾ ಗಂಡನ ಮುಖ ನೋಡಿದಳು. ಅವನು ಮೊಬೈಲ್ ನೋಡುತ್ತಿದ್ದ. "ಅಮ್ಮ ಹೇಳೋದ್ರಲ್ಲಿ ತಪ್ಪೇನೈತೆ ರಾಧಾ? ಡಾಕ್ಟ್ರೇ ಹೇಳವ್ರಲ್ಲ" ಎಂದ.

"ಅವ್ವಾ, ನಾನು ನಿನ್ ಮಗಳ್ ಮಗಳಲ್ವಾ?"

"ಅದಕ್ಕೇ ತಾನೇ ನಿನ್ನ ಹೊರಗ್ ಹಾಕ್ತಿಲ್ಲ? ಮಗು ನೋಡ್ಕೊಂಡು ಬಿದ್ದಿರು. ಅಡಿಗೆಮನೆ ಬೀಗದ ಕೈ ನೀನೇ ಇಟ್ಕೋ."

ರಾಧಾಳಿಗೆ ಬೇಕಿದ್ದ ಕಾಗದ ಸಿಕ್ಕಿತ್ತು. ಅದು ಮಗಳನ್ನು ಬಿಡಿಸಿ ತಾಯಿಯನ್ನು ಹಿಡಿದುಕೊಂಡಿತ್ತು. ಅವಳು ಎದ್ದು ಒಳಗೆ ಹೋದಳು. ಅಲ್ಲಿ ಬೀಗ ಹಾಕಿದ ಬಾಗಿಲಿನ ಮುಂದೆ ಶಿರೀಷಾ ತಟ್ಟೆ ಹಿಡಿದು ಕೂತಿದ್ದಳು. ತಾಯಿಯನ್ನು ಕಂಡು ಮುಖ ಅರಳಿಸಿದಳು.

"ಅಮ್ಮಾ, ನಾನು ದೊಂಗ ಅಲ್ವಂತೆ. ಈಗ ಅನ್ನ ಹಾಕ್ತೀಯಲ್ಲಾ?"

ರಾಧಾ ಹೊಡೆದಳು. ಕೆನ್ನೆಗೆ, ಬೆನ್ನಿಗೆ, ಅಡ್ಡ ಬಂದ ಪುಟ್ಟ ಕೈಗಳಿಗೆ, ತನ್ನ ಕೈ ಸೋಲುವವರೆಗೂ ಹೊಡೆದಳು. ತಟ್ಟೆ ಉರುಳಿ ಸದ್ದಾಯಿತು.

ಜಗುಲಿಯಿಂದ ದೊಡ್ಡಗಂಗಮ್ಮನ ದನಿ ಕೇಳಿಸಿತು. "ಮಗೂನ ಹೊಡೀಬೇಡ ಕಣೇ ಪಾಪಿ! ಅದ್ರ ತಪ್ಪೇನೈತೆ?"